ಅನುದಾನದ ಸಾಲು, ಸರ್ಕಾರದ ಲಾಂಛನ: ಕಲಾಸಂಘಗಳ ಪದಾಧಿಕಾರಿಗಳಿಗೆ ಬಹಿರಂಗ ಪತ್ರ

ನಾಟಕ ತಂಡಗಳ, ಯಕ್ಷಗಾನ ಮಂಡಳಿಗಳ, ಜಾನಪದ ಮೇಳಗಳ, ಸಂಗೀತ ಸಭೆಗಳ, ಸಾಹಿತ್ಯ ವೇದಿಕೆಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಖಜಾಂಚಿಗಳಿಗೆ,



ನಿಮ್ಮ ಆಹ್ವಾನ ಪತ್ರಿಕೆ, ಕರಪತ್ರ, ಬ್ಯಾನರು, ಸ್ಮರಣ ಸಂಚಿಕೆಗಳನ್ನು ಅಚ್ಚು ಹಾಕಿಕೊಡುವ ಸಣ್ಣ ಮುದ್ರಣಾಲಯವೊಂದರಿಂದ ಈ ಪತ್ರ ಬರೆಯುತ್ತಿದ್ದೇನೆ. ರಾಜ್ಯೋತ್ಸವದಿಂದ ಯುಗಾದಿಯವರೆಗೆ ನಮಗೆ ಪುರುಸೊತ್ತಿಲ್ಲ. ಅದರಲ್ಲೂ ಮಾರ್ಚ್ ಬಂತೆಂದರೆ, ಆರ್ಥಿಕ ವರ್ಷ ಮುಗಿಯುವುದರೊಳಗೆ ಕಾರ್ಯಕ್ರಮ ಮುಗಿಸಬೇಕೆಂಬ ಧಾವಂತದಲ್ಲಿ ಒಂದೇ ದಿನ ನಾಲ್ಕಾರು ಸಂಘದವರು ಪ್ರೂಫ್ ನೋಡಲು ಕಾದು ಕೂತಿರುತ್ತಾರೆ. ಹೀಗೆ ನನ್ನ ಕೈಮೇಲೆ ಹಾದುಹೋಗುವ ಪತ್ರಿಕೆಗಳಲ್ಲಿ ಸರ್ಕಾರದ ಧನಸಹಾಯವನ್ನು ತಿಳಿಸುವ ಸಾಲು ಎಷ್ಟೋ ಸಲ ಇರುವುದೇ ಇಲ್ಲ, ಇದ್ದರೂ ಸರಿಯಾಗಿರುವುದಿಲ್ಲ. ಸರ್ಕಾರದ ಲಾಂಛನ ಮಾತ್ರ ಮೇಲ್ಗಡೆ ಢಾಳಾಗಿ ಕೂತಿರುತ್ತದೆ. ಆಗಬೇಕಾದ್ದು ಇದಕ್ಕೆ ತೀರ ತಿರುಗುಮುರುಗು: ಸಾಲು ಇರಬೇಕು, ಲಾಂಛನ ಇರಬಾರದು. ಇದನ್ನು ಆ ಗಡಿಬಿಡಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಲು ಆಗದು. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಪತ್ರ.

ಮೊದಲು ದುಡ್ಡು ಯಾರದೆಂಬ ಮಾತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದಲೋ, ನಾಟಕ ಅಕಾಡೆಮಿ, ಯಕ್ಷಗಾನ ಅಕಾಡೆಮಿ, ಜಾನಪದ ಅಕಾಡೆಮಿಯಂಥ ಸಂಸ್ಥೆಯಿಂದಲೋ, ದೆಹಲಿಯ ಸಂಸ್ಕೃತಿ ಸಚಿವಾಲಯದಿಂದಲೋ ನಿಮಗೆ ನೆರವು ಬರುತ್ತದೆ. ಅದು ಸಚಿವರ ಜೇಬಿನಿಂದ ಬಂದದ್ದಲ್ಲ, ನಿರ್ದೇಶಕರ ಮನೆಯಿಂದಲೂ ಅಲ್ಲ. ಬಜೆಟ್ಟಿನಲ್ಲಿ ಒಂದು ಲೆಕ್ಕಶೀರ್ಷಿಕೆಯಾಗಿ ಸದನದ ಒಪ್ಪಿಗೆ ಪಡೆದು, ಇಲಾಖೆಗೆ ಬಂದು, ಮಂಜೂರಾತಿ ಆದೇಶವಾಗಿ, ಕೊನೆಗೆ ನಿಮ್ಮ ಸಂಘದ ಬ್ಯಾಂಕ್ ಖಾತೆಗೆ ಇಳಿದ ಹಣ. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡವರೂ ಅದಕ್ಕೆ ತೆರಿಗೆ ಕಟ್ಟಿದ್ದಾರೆ. ನಿಮ್ಮ ನಾಟಕವನ್ನು ಬಯಲಲ್ಲಿ ಕೂತು ಪುಕ್ಕಟೆ ನೋಡುತ್ತಿರುವವರು ನಿಜಕ್ಕೂ ಟಿಕೆಟಿನ ಹಣವನ್ನು ಮೊದಲೇ ಕೊಟ್ಟಿದ್ದಾರೆ. ಧನಸಹಾಯದ ಸಾಲು ಅವರಿಗೆ ಒಪ್ಪಿಸುವ ಲೆಕ್ಕ. ಅಧಿಕಾರಿಯನ್ನು ಮೆಚ್ಚಿಸುವ ಮಾತಲ್ಲ.

ಹೀಗೆ ನೋಡಿದರೆ ಉಳಿದದ್ದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ ಕಟ್ಟಿದ ಸಮುದಾಯ ಭವನಕ್ಕೆ ಒಂದು ಫಲಕ ಹಾಕಬೇಕು. ಅದರಲ್ಲಿ ಖರ್ಚೆಷ್ಟು, ಕೆಲಸ ಶುರುವಾದದ್ದು ಯಾವಾಗ, ಮುಗಿದದ್ದು ಯಾವಾಗ ಎಂಬುದೆಲ್ಲ ಇರಬೇಕೆಂದು ನಿಯಮವಿದೆ. ನರೇಗಾದಲ್ಲಿ ಕೆರೆ ಹೂಳೆತ್ತಿದ ಕಡೆ ಏರಿಯ ಮೇಲೆ ನಿಲ್ಲಿಸಿದ ಮಾಹಿತಿ ಫಲಕವನ್ನು ನೀವೆಲ್ಲ ನೋಡಿದ್ದೀರಿ. ಭವನಕ್ಕೂ ಕೆರೆಗೂ ಇರುವ ಈ ಲೆಕ್ಕ ನಾಟಕಕ್ಕೆ ಯಾಕೆ ಬೇಡ? ಕಟ್ಟಡವಾದರೆ ಕಣ್ಣ ಮುಂದೆ ನಿಂತಿರುತ್ತದೆ. ನಾಟಕ ಒಂದು ರಾತ್ರಿಗೆ ಮುಗಿದುಹೋಗುತ್ತದೆ. ಉಳಿಯುವುದು ಆಹ್ವಾನ ಪತ್ರಿಕೆ ಮತ್ತು ಫೋಟೊ ಮಾತ್ರ. ಆದ್ದರಿಂದ ಆ ಸಾಲಿನ ಅಗತ್ಯ ನಿಮಗೆ ಇನ್ನೂ ಹೆಚ್ಚು.

ಹೊರದೇಶದ ಒಂದು ರೂಢಿ ನನಗೆ ಬಹಳ ಹಿಡಿಸಿದೆ. ಇಂಗ್ಲೆಂಡಿನ ಆರ್ಟ್ಸ್ ಕೌನ್ಸಿಲ್‌ನಿಂದ ನೆರವು ಪಡೆದ ತಂಡದ ಪೋಸ್ಟರಿನಲ್ಲಿ ಆ ಮಂಡಳಿಯ ಲೋಗೋ ಒಂಟಿಯಾಗಿ ಇರುವುದಿಲ್ಲ. ಸಾರ್ವಜನಿಕ ಹಣದ ನೆರವಿನಿಂದ ಎಂಬ ಮಾತು ಅದಕ್ಕೆ ಅಂಟಿಕೊಂಡೇ ಇರುತ್ತದೆ. ಐರೋಪ್ಯ ಒಕ್ಕೂಟದ ಅನುದಾನ ಪಡೆದವರೂ ಅಷ್ಟೇ. ನೀಲಿ ಬಾವುಟದ ಪಕ್ಕದಲ್ಲಿ ಒಕ್ಕೂಟದ ಹಣಕಾಸಿನ ನೆರವಿದೆ ಎಂದು ಅಕ್ಷರದಲ್ಲೇ ಬರೆಯಬೇಕು, ಮತ್ತು ಪಕ್ಕದಲ್ಲಿರುವ ಬೇರೆ ಲೋಗೋಗಳಷ್ಟಾದರೂ ಅದು ಎದ್ದು ಕಾಣಬೇಕು. ಚಿತ್ರ ಮಾತ್ರ ಸಾಲದು, ಮಾತು ಬೇಕು ಎಂಬ ವಿವೇಕ ಎರಡೂ ಕಡೆ ಇದೆ.

ನಮ್ಮಲ್ಲಿ ಆ ಜಾಗವನ್ನು ಹೆಚ್ಚಾಗಿ ಫೋಟೊಗಳು ತುಂಬುತ್ತವೆ. ಸಚಿವರದು, ಶಾಸಕರದು, ನಿಗಮದ ಅಧ್ಯಕ್ಷರದು, ಅವರಿಗೆ ಬೇಕಾದವರದು. ಜನಪ್ರತಿನಿಧಿಗಳನ್ನು ಕರೆಯಬಾರದೆಂದು ನಾನು ಹೇಳುತ್ತಿಲ್ಲ. ಶಿಷ್ಟಾಚಾರದ ಪ್ರಕಾರ ಹೆಸರು ಹಾಕಲೇಬೇಕಾದ ಕಡೆ ಹಾಕಿ. ಆದರೆ ಫೋಟೊ ಹಾಕಿದ್ದರಿಂದ ಅನುದಾನವನ್ನು ತಿಳಿಸಿದಂತಾಗಲಿಲ್ಲ. ಸರ್ಕಾರಿ ಜಾಹೀರಾತುಗಳಲ್ಲಿ ಯಾರ ಫೋಟೊ ಇರಬಹುದೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2015ರ ಮೇ ತಿಂಗಳ ತೀರ್ಪು ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಈ ಮೂವರಿಗೆ ಮಾತ್ರ ಅವಕಾಶ ಕೊಟ್ಟಿತು. 2016ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ರಾಜ್ಯಪಾಲರು, ಮುಖ್ಯಮಂತ್ರಿಗಳು, ಸಚಿವರನ್ನೂ ಸೇರಿಸಿತು. ಆ ಕಟ್ಟುಪಾಡು ಸರ್ಕಾರದ ಸ್ವಂತ ಜಾಹೀರಾತಿಗೆ, ನಿಮ್ಮ ಕರಪತ್ರಕ್ಕಲ್ಲ. ಆದರೂ ಅದರ ಹಿಂದಿನ ವಿಚಾರ ನಿಮಗೂ ಸಲ್ಲುತ್ತದೆ: ಜನರ ಹಣ ಯಾರೊಬ್ಬರ ಹೆಸರಿನ ಪ್ರಚಾರಕ್ಕೂ ಹೋಗಬಾರದು.

ಹಾಗಾದರೆ ಏನೆಂದು ಬರೆಯಬೇಕು? ಮಂಜೂರಾತಿ ಆದೇಶ ತೆಗೆದು ಷರತ್ತುಗಳನ್ನು ಓದಿ. ಹೀಗೇ ಬರೆಯಬೇಕೆಂದು ಅಲ್ಲಿ ಹೇಳಿದ್ದರೆ ಒಂದಕ್ಷರ ಬದಲಿಸದೆ ಅದನ್ನೇ ಹಾಕಿ. ಹೇಳಿಲ್ಲದಿದ್ದರೆ ಕೊಟ್ಟವರು ಯಾರು, ಯಾವುದಕ್ಕೆ ಕೊಟ್ಟರು, ಯಾವ ಸಾಲಿನಲ್ಲಿ ಕೊಟ್ಟರು ಎಂಬಷ್ಟು ಇದ್ದರೆ ಸಾಕು. "ಈ ನಾಟಕೋತ್ಸವಕ್ಕೆ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು 2024-25ನೇ ಸಾಲಿನಲ್ಲಿ ಧನಸಹಾಯ ನೀಡಿದೆ" ಎಂದು ನೇರವಾಗಿ ಬರೆಯಿರಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನದಲ್ಲಿ ಗುರುಗಳಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿನ ಪ್ರಕಾರ 2,000ದಿಂದ 10,000 ರೂಪಾಯಿವರೆಗೆ ನೆರವು ಸಿಗುತ್ತದೆ. ಅದು ಕಲಾವಿದರ ಜೀವನಕ್ಕೆ ಬಂದ ಹಣ, ಒಂದು ದಿನದ ಉತ್ಸವಕ್ಕಲ್ಲ. ಅಂಥ ತಂಡ ತನ್ನ ಕರಪತ್ರದಲ್ಲಿ "ನಮ್ಮ ಗುರು-ಶಿಷ್ಯರ ಮಾಸಿಕ ಗೌರವಧನಕ್ಕೆ ಸಂಸ್ಕೃತಿ ಸಚಿವಾಲಯದ ನೆರವಿದೆ" ಎಂದು ಬರೆದರೆ ಓದಿದವರಿಗೆ ನಿಜ ಸಂಗತಿ ತಿಳಿಯುತ್ತದೆ. ಮೊತ್ತವನ್ನು ಆಹ್ವಾನ ಪತ್ರಿಕೆಯಲ್ಲಿ ಹಾಕಬೇಕಿಲ್ಲ. ವಾರ್ಷಿಕ ವರದಿಯಲ್ಲಿ, ಸ್ಮರಣ ಸಂಚಿಕೆಯಲ್ಲಿ ಖಂಡಿತ ಹಾಕಿ.

"ಸಹಯೋಗದಲ್ಲಿ", "ಸಂಯುಕ್ತ ಆಶ್ರಯದಲ್ಲಿ" ಎಂದು ಸಲೀಸಾಗಿ ಹಾಕಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಇಲಾಖೆಯೇ ಜತೆಯಾಗಿ ನಿಂತು ಕಾರ್ಯಕ್ರಮ ನಡೆಸುತ್ತಿದ್ದರೆ, ಹಾಗೆಂದು ಪತ್ರ ಕೊಟ್ಟಿದ್ದರೆ ಮಾತ್ರ ಅದು ಸರಿ. ಬರೀ ಹಣದ ನೆರವಿದ್ದಾಗ ಹಾಗೆ ಬರೆದರೆ, ವೇದಿಕೆ ಕುಸಿದರೂ ಊಟದಲ್ಲಿ ಏರುಪೇರಾದರೂ ಇಲಾಖೆಯೂ ಅದಕ್ಕೆ ಹೊಣೆಯೆಂದು ನೀವೇ ಸಾರಿದಂತೆ. ಇನ್ನೊಂದು ಕೆಟ್ಟ ರೂಢಿ, ಅರ್ಜಿ ಕೊಟ್ಟ ಮಾತ್ರಕ್ಕೆ ಇಲಾಖೆಯ ಹೆಸರು ಅಚ್ಚಾಗುವುದು. ಅಂಥದೊಂದು ಪತ್ರಿಕೆಯನ್ನು ನನ್ನೆದುರೇ ತಿದ್ದಿಸಬೇಕಾಯಿತು. ಹುಡುಗ ಕಾರ್ಯದರ್ಶಿ, ಒಳ್ಳೆಯ ಮನಸ್ಸಿನವನು. "ಅಣ್ಣ, ಹೆಸರು ಹಾಕಿದ್ರೆ ಅವರಿಗೂ ಕೊಡಲೇಬೇಕು ಅನ್ಸುತ್ತೆ ಅಲ್ವಾ?" ಅಂದ. ಹಾಗಲ್ಲಪ್ಪ, ಕೊಡದ ಹಣವನ್ನು ಕೊಟ್ಟಿದ್ದಾರೆಂದು ಜನರಿಗೆ ಹೇಳಿದ ಹಾಗಾಗುತ್ತದೆ, ನಾಳೆ ಅರ್ಜಿ ತಿರಸ್ಕಾರವಾದರೆ ಈ ಐನೂರು ಪ್ರತಿಯನ್ನು ಯಾರು ವಾಪಸು ತರುತ್ತಾರೆ ಎಂದು ಕೇಳಿದೆ. ಒಪ್ಪಿ ಆ ಸಾಲು ತೆಗೆಸಿದ.

ಇದರ ಇನ್ನೊಂದು ಮಗ್ಗುಲೂ ಇದೆ, ಅದು ನಿಮ್ಮ ನಿಜವಾದ ಕಷ್ಟ. ಕೈಯಿಂದ ಹಾಕಿ, ಸಾಲ ಮಾಡಿ ಕಾರ್ಯಕ್ರಮ ಮುಗಿಸಿ, ಬಿಲ್ಲು, ವೋಚರು, ಫೋಟೊ, ಪತ್ರಿಕಾ ವರದಿಗಳನ್ನೆಲ್ಲ ಸಲ್ಲಿಸಿ ಎಷ್ಟೋ ತಿಂಗಳಾದ ಮೇಲೆ ಹಣ ಬರುತ್ತದೆ. ಪತ್ರಿಕೆ ಅಚ್ಚಾಗುವ ಹೊತ್ತಿಗೆ ಮಂಜೂರಾತಿಯೇ ಆಗಿರದಿದ್ದರೆ ಅದರಲ್ಲಿ ಬರೆಯುವುದು ಹೇಗೆ? ಬರೆಯಬೇಡಿ. ಹಣ ಬಂದ ಮೇಲೆ ವಾರ್ಷಿಕ ವರದಿಯಲ್ಲಿ ಬರೆಯಿರಿ, ಸಂಘದ ಸೂಚನಾ ಫಲಕದಲ್ಲಿ ಹಾಕಿ, ಮುಂದಿನ ಕಾರ್ಯಕ್ರಮದ ಸ್ವಾಗತ ಭಾಷಣದಲ್ಲಿ ಹೇಳಿ. ತಡವಾಗಿ ಬಂದ ಹಣಕ್ಕೆ ತಡವಾಗಿ ಲೆಕ್ಕ ಹೇಳಿದರೆ ಯಾರೂ ಆಕ್ಷೇಪಿಸುವುದಿಲ್ಲ.

ಇನ್ನು ಲಾಂಛನ.

ನಾಲ್ಕು ಸಿಂಹಗಳ ರಾಷ್ಟ್ರ ಲಾಂಛನವನ್ನು ನಾವು ದಿನಾ ನೋಟಿನಲ್ಲಿ, ಪಾಸ್‌ಪೋರ್ಟಿನಲ್ಲಿ ನೋಡುತ್ತೇವೆ. ನಿಂತು ನೋಡುವುದು ಅಪರೂಪ. ಸಾರನಾಥದ ಅಶೋಕ ಸ್ತಂಭದ ಬೋದಿಗೆಯಿಂದ ಅದನ್ನು ತೆಗೆದುಕೊಂಡು 1950ರ ಜನವರಿ 26ರಂದು ಅಂಗೀಕರಿಸಿದರು. ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಸಿಂಹಗಳಲ್ಲಿ ನಮಗೆ ಕಾಣುವುದು ಮೂರು. ಕೆಳಗಿನ ಪಟ್ಟಿಯಲ್ಲಿ ನಡುವೆ ಧರ್ಮಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಓಡುವ ಕುದುರೆ, ಎರಡು ಅಂಚಿನಲ್ಲೂ ಇನ್ನೆರಡು ಚಕ್ರಗಳ ಅಂಚು. ಅದರ ಕೆಳಗೆ ದೇವನಾಗರಿಯಲ್ಲಿ ಸತ್ಯಮೇವ ಜಯತೇ. ಆ ಮಾತಿಲ್ಲದೆ ಬರೀ ಸಿಂಹಗಳಿದ್ದರೆ ಲಾಂಛನ ಪೂರ್ತಿಯಲ್ಲ. 2005ರಲ್ಲಿ ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯಲು ಬಂದ ಕಾಯ್ದೆಯ ಕೊನೆಗೆ ಎರಡು ನಮೂನೆಗಳನ್ನು ಅಚ್ಚು ಹಾಕಿದ್ದಾರೆ: ಲೆಟರ್‌ಹೆಡ್, ಮೊಹರಿನಂಥ ಸಣ್ಣ ಅಳತೆಗೆ ಗೆರೆ ಕಡಿಮೆ ಮಾಡಿದ ಸರಳ ರೂಪ ಒಂದು, ದೊಡ್ಡ ಅಳತೆಗೆ ವಿವರಗಳೆಲ್ಲ ಇರುವ ರೂಪ ಇನ್ನೊಂದು. ಅಚ್ಚಿನ ಕೆಲಸ ಬಲ್ಲವರಿಗೆ ಇದರ ಬೆಲೆ ಗೊತ್ತು. ವಿವರವಾದ ಚಿತ್ರವನ್ನು ಅರ್ಧ ಇಂಚಿಗೆ ಇಳಿಸಿದರೆ ಕೇಸರವೆಲ್ಲ ಮಸಿ ಕಟ್ಟಿ ಕಪ್ಪು ಮುದ್ದೆಯಾಗುತ್ತದೆ. ಒಂದು ದೇಶ ತನ್ನ ಗುರುತಿನ ಗೆರೆಗಳ ಬಗ್ಗೆ ಇಷ್ಟು ಮುತುವರ್ಜಿ ವಹಿಸಿದೆಯೆಂದರೆ, ಅದನ್ನು ಆಹ್ವಾನ ಪತ್ರಿಕೆಯ ಮೂಲೆ ತುಂಬಲು ಬಳಸುವ ಹಕ್ಕು ನಮಗಿಲ್ಲ.

ಹಕ್ಕಿಲ್ಲ ಎಂದದ್ದು ನನ್ನ ಅಭಿಪ್ರಾಯವಲ್ಲ, ಕಾನೂನಿನ ಮಾತು. ಸರ್ಕಾರಕ್ಕೆ ಸಂಬಂಧಿಸಿದ್ದು ಅಥವಾ ಸರ್ಕಾರದ ಅಧಿಕೃತ ದಾಖಲೆ ಎಂಬ ಭಾವನೆ ಬರುವಂತೆ ಈ ಲಾಂಛನವನ್ನಾಗಲಿ, ಅದನ್ನು ಹೋಲುವ ನಕಲನ್ನಾಗಲಿ ಅನುಮತಿಯಿಲ್ಲದೆ ಬಳಸಬಾರದೆಂದು ಆ ಕಾಯ್ದೆ ಹೇಳುತ್ತದೆ. ತಪ್ಪಿದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2007ರ ನಿಯಮಗಳು ಇನ್ನೂ ಬಿಡಿಸಿ ಹೇಳಿವೆ. ನೋಂದಣಿಯಾಗಿರಲಿ, ಆಗದಿರಲಿ, ಯಾವ ಸಂಘವೂ ತನ್ನ ಲೆಟರ್‌ಹೆಡ್, ಕೈಪಿಡಿ, ಬ್ಯಾಡ್ಜು, ಬಾವುಟಗಳ ಮೇಲೆ ಇದನ್ನು ಹಾಕುವಂತಿಲ್ಲ. ಮಾಜಿ ಸಚಿವರು, ಮಾಜಿ ಶಾಸಕರು, ನಿವೃತ್ತ ಅಧಿಕಾರಿಗಳಿಗೂ ಇದು ಸಿಗದು. ಅನುದಾನ ಸಿಕ್ಕಿತೆಂದರೆ ಲಾಂಛನ ಬಳಸುವ ಅನುಮತಿಯೂ ಸಿಕ್ಕಿತೆಂದು ಬಹಳ ಜನ ನಂಬಿದ್ದಾರೆ. ಅವೆರಡಕ್ಕೂ ಸಂಬಂಧವೇ ಇಲ್ಲ.

ರಾಜ್ಯದ ಗಂಡಭೇರುಂಡ ಲಾಂಛನದ ವಿಚಾರವೂ ಹಾಗೆಯೇ. ಸರ್ಕಾರಗಳ ಹೆಸರನ್ನು, ಲಾಂಛನವನ್ನು ವ್ಯಾಪಾರ ವ್ಯವಹಾರಕ್ಕೆ ಬಳಸದಂತೆ ತಡೆಯುವ 1950ರ ಕಾಯ್ದೆಯ ವ್ಯಾಪ್ತಿಗೆ ರಾಜ್ಯಗಳ ಲಾಂಛನವೂ ಬರುತ್ತದೆ. ಅಲ್ಲದೆ ನಮ್ಮ ರಾಜ್ಯ ಲಾಂಛನದ ನೆತ್ತಿಯ ಮೇಲೆ ಕೂತಿರುವುದೇ ಸಾರನಾಥದ ಸಿಂಹಗಳು, ಬುಡದಲ್ಲಿರುವುದೇ ಸತ್ಯಮೇವ ಜಯತೇ. ಕೆಂಪು ಗುರಾಣಿಯಲ್ಲಿ ಬಿಳಿಯ ಎರಡು ತಲೆಯ ಹಕ್ಕಿ, ಅತ್ತಿತ್ತ ಆನೆಯ ತಲೆ, ಸಿಂಹದ ಮೈಯ ಪ್ರಾಣಿಗಳು: ಮೈಸೂರು ಸಂಸ್ಥಾನದಿಂದ ಇಳಿದು ಬಂದ ಈ ರಾಜಮುದ್ರೆ ಕರ್ನಾಟಕ ಸರ್ಕಾರದ ಸಹಿ ಇದ್ದಂತೆ. ಬೇರೆಯವರ ಸಹಿಯನ್ನು ಪ್ರೀತಿಯಿಂದ ಹಾಕಿದರೂ ಅದು ಬೇರೆಯವರ ಸಹಿಯೇ.

ಗಂಡಭೇರುಂಡದ ಮೇಲೆ ನಿಮಗಿರುವ ಅಕ್ಕರೆ ನನಗೂ ಇದೆ. ಆದರೆ ಆ ಹಕ್ಕಿ ಸರ್ಕಾರಕ್ಕಿಂತ ಎಷ್ಟೋ ಹಳೆಯದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗೆ ಹೋದರೆ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಭೇರುಂಡೇಶ್ವರ ಸ್ತಂಭವಿದೆ. ಅಲ್ಲಿನ ಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಕೆಳದಿಯ ದೇವಸ್ಥಾನದ ಒಳಛಾವಣಿಯಲ್ಲೂ ಗಂಡಭೇರುಂಡವನ್ನು ಕೆತ್ತಿದ್ದಾರೆ. ನಾಡಿನ ಹೆಮ್ಮೆಯ ಗುರುತು ಪತ್ರಿಕೆಯಲ್ಲಿ ಇರಲೇಬೇಕೆನಿಸಿದರೆ ಊರಿನ ಚಿತ್ರ ಕಲಾವಿದರ ಕೈಯಲ್ಲಿ ಅಂಥ ಶಿಲ್ಪವೊಂದರ ರೇಖಾಚಿತ್ರ ಬರೆಸಿ. ಅವರಿಗೊಂದು ಕೆಲಸ ಸಿಗುತ್ತದೆ, ಪತ್ರಿಕೆಗೆ ಸ್ವಂತ ಮುಖ ಬರುತ್ತದೆ. ಗುರಾಣಿ, ಸಿಂಹ, ಸತ್ಯಮೇವ ಜಯತೇ ಎಲ್ಲ ಸೇರಿದ ರಾಜಮುದ್ರೆಯನ್ನು ಸರ್ಕಾರಕ್ಕೇ ಬಿಡಿ.

ಅಕಾಡೆಮಿಗಳಿಗೆ, ಪ್ರಾಧಿಕಾರಗಳಿಗೆ ತಮ್ಮದೇ ಲೋಗೋ ಇರುತ್ತದೆ. ಹಾಕಿ ಎಂದು ಅವರೇ ಹೇಳಿದ್ದರೆ ಹಾಕೋಣ, ಆದರೆ ಕಡತ ಅವರ ಕಚೇರಿಯಿಂದಲೇ ಬರಲಿ. ಈಗ ನನಗೆ ಬರುವುದು ವಾಟ್ಸಾಪಿನಲ್ಲಿ ಹತ್ತು ಕೈ ದಾಟಿದ ಚಿತ್ರ. ಸುತ್ತ ಬಿಳಿ ಚೌಕ, ಅಂಚೆಲ್ಲ ಹಲ್ಲುಹಲ್ಲು. ಹತ್ತಡಿ ಬ್ಯಾನರಿಗೆ ಎಳೆದರೆ ಸಂಸ್ಥೆಯ ಹೆಸರನ್ನೇ ಓದಲಾಗದು. ಜಾಗಕ್ಕೆ ಹೊಂದಿಸಲೆಂದು ಅಡ್ಡಕ್ಕೆ ಎಳೆದು ದುಂಡಗಿನ ಮುದ್ರೆಯನ್ನು ಮೊಟ್ಟೆ ಮಾಡುವುದು, ಬ್ಯಾನರಿನ ಬಣ್ಣಕ್ಕೆ ಒಪ್ಪಲೆಂದು ಲೋಗೋದ ಬಣ್ಣ ಬದಲಿಸುವುದು, ಅದರ ಮೇಲೆ ಹೂಬಳ್ಳಿ ಹರಿಸುವುದು ಯಾವುದೂ ಬೇಡ. ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರ್ ಕಡತ ಕೇಳಿ ತನ್ನಿ. ಸುತ್ತ ಒಂದಿಷ್ಟು ಖಾಲಿ ಜಾಗ ಬಿಡೋಣ. ಆಭರಣ ಮಳಿಗೆ, ಕಲ್ಯಾಣ ಮಂಟಪದ ಜಾಹೀರಾತುಗಳ ಸಾಲಿನಲ್ಲಿ ಅದನ್ನು ತುರುಕುವುದು ಬೇಡ. ಜಾಹೀರಾತು ಕೊಟ್ಟವರು ತಮ್ಮ ವ್ಯಾಪಾರಕ್ಕೆ ಕೊಟ್ಟಿದ್ದಾರೆ, ಅನುದಾನ ಬಂದದ್ದು ಜನರಿಂದ. ಒಳ್ಳೆಯ ಕಡತ ಸಿಗದಿದ್ದರೆ ಲೋಗೋ ಬಿಟ್ಟು ಸಂಸ್ಥೆಯ ಪೂರ್ತಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕೋಣ. ಅಕ್ಷರ ಎಂದೂ ವಿಕಾರವಾಗದು. ಮತ್ತೆ, ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಸರ್ಕಾರದ ನೆರವನ್ನು ಸರ್ಕಾರ ಬೇಡವೆಂದ ವಸ್ತುವಿನ ಮೇಲೆ ಬರೆಸಬೇಡಿ, ಬಟ್ಟೆಯ ಬ್ಯಾನರ್ ಬರೆಸಿ.

ನಿಮ್ಮಲ್ಲಿ ಕೆಲವರು, ಅದರಲ್ಲೂ ಹವ್ಯಾಸಿ ರಂಗಭೂಮಿಯ ಕಿರಿಯರು, ಬೇರೆಯೇ ಕಾರಣಕ್ಕೆ ಈ ಸಾಲನ್ನು ಬಿಡುತ್ತೀರಿ. ಸರ್ಕಾರವನ್ನು ಪ್ರಶ್ನಿಸುವ ನಾಟಕ ಆಡುತ್ತಾ ಸರ್ಕಾರದ ಹಣ ಪಡೆದಿದ್ದೇವೆಂದು ಹೇಳಲು ಮುಜುಗರ. ಆ ಸಂಕೋಚ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಹಣ ಜನರದು, ಜನರ ಪರವಾಗಿ ಪ್ರಶ್ನೆ ಕೇಳುವುದಕ್ಕೂ ಅದು ಸಲ್ಲಬೇಕು. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ನೆರವಿನಿಂದ ಪ್ರಕಟವಾದ ಪುಸ್ತಕಗಳಲ್ಲಿ ನೆರವಿನ ಉಲ್ಲೇಖದ ಜತೆಗೇ, ಇಲ್ಲಿರುವ ಸಂಗತಿಗಳಿಗೂ ಅಭಿಪ್ರಾಯಗಳಿಗೂ ಲೇಖಕರೇ ಹೊಣೆ, ಪರಿಷತ್ತಲ್ಲ ಎಂಬ ಮಾತಿರುತ್ತದೆ. ಅದೇ ದಾರಿ ನಿಮಗೂ ತೆರೆದಿದೆ. ನೆರವು ಪಡೆದಿದ್ದೇವೆ, ನಾಟಕದ ವಿಚಾರ ನಮ್ಮದು ಎಂದು ಎರಡು ಸಾಲು ಬರೆದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಮುಚ್ಚಿಟ್ಟ ಅನುದಾನ ಮುಂದೊಂದು ದಿನ ಹೊರಬಿದ್ದಾಗ ಆಗುವ ಹಾನಿ ಬಹಳ ದೊಡ್ಡದು.

ಹೊರಬಿದ್ದೇ ಬೀಳುತ್ತದೆ. ಯೋಜನೆಗಳಿಗೆ ಎಷ್ಟು ಹಣ ಹಂಚಿಕೆಯಾಯಿತು, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಇಲಾಖೆಗಳಿಗೆ ಹೇಳಿದೆ. ಸರ್ಕಾರದಿಂದ ಗಣನೀಯ ಪ್ರಮಾಣದ ಹಣ ಪಡೆಯುವ ಖಾಸಗಿ ಸಂಸ್ಥೆಯೂ ಆ ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರವೇ ಆಗುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಖಜಾಂಚಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಒಂದೇ ಉತ್ಸವಕ್ಕೆ ರಾಜ್ಯದ ಇಲಾಖೆಯಿಂದಲೂ ಕೇಂದ್ರದ ಸಂಸ್ಥೆಯಿಂದಲೂ ನೆರವು ಬಂದಿದ್ದರೆ ಎರಡನ್ನೂ ಒಂದೇ ಪತ್ರಿಕೆಯಲ್ಲಿ ಬರೆಯಿರಿ. ಅತ್ತ ಕಳಿಸಲು ಒಂದು, ಇತ್ತ ಕಳಿಸಲು ಇನ್ನೊಂದು ಎಂದು ಎರಡು ಬಗೆಯ ಪತ್ರಿಕೆ ಅಚ್ಚು ಹಾಕಿಸಲು ನನ್ನಲ್ಲಿಗೆ ಬರಬೇಡಿ. ಆ ಕೆಲಸ ನಾನು ಮಾಡುವುದಿಲ್ಲ. ಇದೇ ಕೆಲಸಕ್ಕೆ ಬೇರೆ ಸಚಿವಾಲಯ, ರಾಜ್ಯ ಸರ್ಕಾರದಿಂದ ಅನುದಾನ ಪಡೆದಿಲ್ಲ, ಕೇಳಿಯೂ ಇಲ್ಲ ಎಂದು ಕೇಂದ್ರದ ಅನುದಾನಕ್ಕೆ ಅರ್ಜಿ ಹಾಕುವಾಗಲೇ ದೃಢೀಕರಿಸಿರುತ್ತೀರಿ. ಆದ್ದರಿಂದ ಪೆಂಡಾಲಿನ ಖರ್ಚಿಗೆ ಯಾವುದು, ಕಲಾವಿದರ ಸಂಭಾವನೆಗೆ ಯಾವುದು ಎಂಬುದು ಮೊದಲಿನಿಂದಲೇ ಬೇರೆ ಬೇರೆ ಇರಬೇಕು, ಪತ್ರಿಕೆಯಲ್ಲೂ ಹಾಗೇ ಕಾಣಬೇಕು. ಕೇಂದ್ರದ ಅನುದಾನವಾದರೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಹಣಬಳಕೆ ಪ್ರಮಾಣಪತ್ರ ಹೋಗಬೇಕು. ಅದರ ಜತೆ ಕಳಿಸುವ ಕಡತಕ್ಕೆ ನಮ್ಮಲ್ಲಿ ಅಚ್ಚಾದ ಪತ್ರಿಕೆಯೇ ಸಾಕ್ಷಿ. ಲೆಕ್ಕಪರಿಶೋಧಕರು ಬಿಲ್ಲಿನ ಪಕ್ಕದಲ್ಲಿ ಅದನ್ನಿಟ್ಟು ದಿನಾಂಕ, ಸ್ಥಳ, ಇಲಾಖೆಯ ಹೆಸರು ತಾಳೆ ನೋಡುತ್ತಾರೆ. ಹತ್ತು ಪ್ರತಿ ಎತ್ತಿಡಿ.

ಈ ಸಲದ ಉತ್ಸವಕ್ಕೆ ಮ್ಯಾಟರ್ ತರುವಾಗ ಮಂಜೂರಾತಿ ಆದೇಶದ ಜೆರಾಕ್ಸ್ ಪ್ರತಿಯನ್ನೂ ಜತೆಗೆ ತನ್ನಿ. ಕೊಟ್ಟವರ ಹೆಸರು, ಯೋಜನೆಯ ಹೆಸರು, ಆರ್ಥಿಕ ವರ್ಷ ಮೂರನ್ನೂ ಅದನ್ನು ನೋಡಿಕೊಂಡೇ ಜೋಡಿಸುತ್ತೇನೆ. ಲೋಗೋ ಬೇಕೆಂದರೆ ಸಂಬಂಧಪಟ್ಟ ಕಚೇರಿಯ ಒಪ್ಪಿಗೆ ಪತ್ರ ಅಥವಾ ಇಮೇಲ್ ತೋರಿಸಿ. ರಾಷ್ಟ್ರ ಲಾಂಛನ, ರಾಜ್ಯ ಲಾಂಛನಗಳನ್ನು ಹಾಕಿಕೊಡಲು ದಯವಿಟ್ಟು ಕೇಳಬೇಡಿ. ಧನಸಹಾಯದ ಸಾಲನ್ನು ಪತ್ರಿಕೆಯ ಉಳಿದ ಅಕ್ಷರಗಳ ಅಳತೆಯಲ್ಲೇ ಹಾಕುತ್ತೇನೆ, ಅದಕ್ಕೆ ಬೇರೆ ದರವಿಲ್ಲ. ಪ್ರೂಫ್ ತಿದ್ದಲು ಅಧ್ಯಕ್ಷರ ಜತೆ ಖಜಾಂಚಿಗಳೂ ಬರಲಿ.

ಇಂತಿ,
ನಿಮ್ಮ ಪತ್ರಿಕೆಗಳ ಮುದ್ರಕ